ಹಾಸನ, ಚಿಕ್ಕಮಗಳೂರಿನ ಜನೌಷಧಿ ಕೇಂದ್ರಗಳು: ರೇಟು ಸರಿ, ದಾರಿ ದೂರ

ಬಿಪಿ, ಶುಗರ್, ಕೊಲೆಸ್ಟ್ರಾಲ್‌ಗೆ ತಿಂಗಳು ತಪ್ಪದೆ ದುಡ್ಡು ಕೊಟ್ಟು ಮಾತ್ರೆ ತರುವವರು ಜನೌಷಧಿ ಕೇಂದ್ರಕ್ಕೆ ಹೋಗಲೇಬೇಕು. ಹಾಸನ, ಚಿಕ್ಕಮಗಳೂರಿನ ಪೇಟೆಗಳಲ್ಲಿ ಇದಕ್ಕಿಂತ ಕಡಿಮೆ ರೇಟಿಗೆ ಮಾತ್ರೆ ಕೊಡುವ ಅಂಗಡಿ ಸಿಗುವುದು ಕಷ್ಟ. ಆದರೆ ಬೇಕಾದ ಮಾತ್ರೆ ಬೇಕಾದ ದಿನ ಅಲ್ಲಿರುತ್ತದೆ ಎಂಬ ಖಾತರಿಯಿಲ್ಲ. ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಿರುವ ತೋಟದ ಲೈನ್ ಮನೆಗಳ ಕೂಲಿಯವರಿಗೆ, ಘಟ್ಟದಂಚಿನ ಹಳ್ಳಿಯವರಿಗೆ ಅಂಗಡಿಯೇ ದೂರ.

ಮೊದಲು ರೇಟಿನ ಮಾತು. ಬ್ರ್ಯಾಂಡ್ ಬದಲು ಔಷಧದ ಮೂಲ ಹೆಸರಿನಲ್ಲೇ ಮಾತ್ರೆ ಮಾರುವ, 2008ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಈ ಯೋಜನೆಯಲ್ಲಿ ಬೆಲೆ ಕಟ್ಟುವ ನಿಯಮ ಸರಳವಾಗಿದೆ. ಆಯಾ ಔಷಧದ ಮುಂಚೂಣಿಯ ಮೂರು ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧಕ್ಕಿಂತ ಹೆಚ್ಚು ಇಡುವಂತಿಲ್ಲ. ಹಲವು ಮಾತ್ರೆಗಳಲ್ಲಿ ಬೆಲೆ ಅರ್ಧಕ್ಕಿಂತಲೂ ಎಷ್ಟೋ ಕೆಳಗಿರುತ್ತದೆ. ಜ್ವರಕ್ಕೆಂದು ಒಂದು ಸಲ ತರುವ ಸ್ಟ್ರಿಪ್ಪಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಬದುಕಿಡೀ ನುಂಗಬೇಕಾದ ಮಾತ್ರೆಗಳಲ್ಲಿ ಮಾತ್ರ ಮನೆಯ ಲೆಕ್ಕವೇ ಬದಲಾಗುತ್ತದೆ. ಗುಣಮಟ್ಟದ ಅನುಮಾನಕ್ಕೂ ಉತ್ತರವಿದೆ: ವಿಶ್ವ ಆರೋಗ್ಯ ಸಂಸ್ಥೆಯ ಉತ್ಪಾದನಾ ಮಾನದಂಡದ ಪ್ರಮಾಣಪತ್ರವಿರುವ ಕಾರ್ಖಾನೆಗಳಿಂದಲೇ ಖರೀದಿ ನಡೆಯುತ್ತದೆ, ಪ್ರತಿ ಬ್ಯಾಚ್ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗುತ್ತದೆ. ಹಾಗಿದ್ದೂ ಪರೀಕ್ಷೆಯಲ್ಲಿ ಬಿದ್ದು ವಾಪಸ್ ಹೋದ ಬ್ಯಾಚ್‌ಗಳಿವೆ. ಕೇಂದ್ರ ಔಷಧ ನಿಯಂತ್ರಕರು ತಿಂಗಳು ತಿಂಗಳು ಪ್ರಕಟಿಸುವ, ಪರೀಕ್ಷೆಯಲ್ಲಿ ಬಿದ್ದ ಔಷಧಗಳ ಪಟ್ಟಿಯಲ್ಲಿ ದುಬಾರಿ ಬ್ರ್ಯಾಂಡ್‌ಗಳೂ ಬರುತ್ತವೆ. ಕಡಿಮೆ ರೇಟು ಎಂದ ಮಾತ್ರಕ್ಕೆ ಮಾತ್ರೆ ಸಪ್ಪೆ ಎನ್ನುವುದು ಸುಳ್ಳು.

ಕೌಂಟರಿನಲ್ಲಿ ಹೆಚ್ಚಿನ ಜಗಳ ನಡೆಯುವುದು ಚೀಟಿಯ ವಿಚಾರಕ್ಕೆ. ಡಾಕ್ಟರು ಬ್ರ್ಯಾಂಡ್ ಹೆಸರು ಬರೆದಿರುತ್ತಾರೆ, ಕೇಂದ್ರದವರು ಆ ಹೆಸರಿನ ಮಾತ್ರೆ ಇಲ್ಲ ಎನ್ನುತ್ತಾರೆ. ಇದು ಅವರ ಮೊಂಡುತನವಲ್ಲ. ಔಷಧ ನಿಯಮಗಳ ಪ್ರಕಾರ ಶೆಡ್ಯೂಲ್ ಎಚ್ ಪಟ್ಟಿಯ, ಅಂದರೆ ಡಾಕ್ಟರ ಚೀಟಿಯಿಲ್ಲದೆ ಮಾರಬಾರದ ಔಷಧಕ್ಕೆ ಚೀಟಿಯಲ್ಲಿ ಒಂದು ಹೆಸರಿದ್ದರೆ, ಒಳಗಿನ ಔಷಧ ಅದೇ ಆಗಿದ್ದರೂ ಫಾರ್ಮಸಿಸ್ಟ್ ತಾನಾಗಿ ಬೇರೆಯದನ್ನು ಕೊಡುವಂತಿಲ್ಲ. ಬಿಪಿ, ಶುಗರ್ ಮಾತ್ರೆಗಳು ಬಹುಪಾಲು ಈ ಪಟ್ಟಿಯಲ್ಲೇ ಇವೆ. ಹಾಗಾಗಿ ಕೆಲಸ ಆಗಬೇಕಾದ್ದು ಡಾಕ್ಟರ ಟೇಬಲ್ ಮುಂದೆ. ‘ಜನೌಷಧಿಯಲ್ಲಿ ತಗೊಳ್ತೀನಿ, ಔಷಧದ ಮೂಲ ಹೆಸರು ಬರೆದುಕೊಡಿ ಸಾರ್’ ಎಂದು ಕೇಳಿ. ವೈದ್ಯರು ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ತಿದ್ದಿದೆ. 2023ರ ಆಗಸ್ಟ್‌ನಲ್ಲಿ ಇನ್ನೂ ಬಿಗಿಯಾದ ನಿಯಮ ಬಂದು ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು. ಕಾನೂನಿನ ಮಾತು ಹೇಗೇ ಇರಲಿ, ಕೇಳಿದರೆ ಇಲ್ಲವೆನ್ನುವ ಡಾಕ್ಟರು ಕಡಿಮೆ. ಕೇಳಲು ಹಿಂಜರಿಯುವವರೇ ಹೆಚ್ಚು.

ಹಳೆಯ ಸ್ಟ್ರಿಪ್ ಜೊತೆಗೆ ಒಯ್ಯಿರಿ. ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರೂ, ಮಿಲಿಗ್ರಾಂ ಲೆಕ್ಕವೂ ಅದರ ಮೇಲೆ ಅಚ್ಚಾಗಿರುತ್ತವೆ. ತಾಳೆ ನೋಡುವಾಗ ಮೂಲ ಹೆಸರು, ಪ್ರಮಾಣ, ಹೆಸರಿನ ಬಾಲದಲ್ಲಿರುವ ಅಕ್ಷರ ಈ ಮೂರೂ ಹೊಂದಬೇಕು. ಎಡವಟ್ಟಾಗುವುದು ಆ ಬಾಲದಲ್ಲೇ. ಟೆಲ್ಮಿಸಾರ್ಟನ್ 40 ಬೇರೆ, ಟೆಲ್ಮಿಸಾರ್ಟನ್ 40ರ ಜೊತೆ ಹೈಡ್ರೋಕ್ಲೋರೋಥಯಾಜೈಡ್ 12.5 ಸೇರಿದ್ದು ಬೇರೆ, ಆಮ್ಲೋಡಿಪಿನ್ 5 ಸೇರಿದ್ದು ಮತ್ತೂ ಬೇರೆ. ಬ್ರ್ಯಾಂಡ್ ಮಾತ್ರೆಗಳಲ್ಲಿ ಈ ವ್ಯತ್ಯಾಸ ಕೊನೆಗೆ ಅಂಟಿಸಿದ ‘ಎಚ್’ ಅಥವಾ ‘ಎಎಂ’ ಅಕ್ಷರದಲ್ಲಿ ಅಡಗಿರುತ್ತದೆ. ಹೆಸರಿನ ಅರ್ಧ ಓದಿ ಮಾತ್ರೆ ತಂದರೆ ಎರಡು ಔಷಧ ನುಂಗಬೇಕಾದವರಿಗೆ ಒಂದೇ ಸಿಗುತ್ತದೆ, ಬಿಪಿ ಏರುತ್ತದೆ, ಅಪವಾದ ಜನೌಷಧಿಯ ತಲೆಗೆ ಬರುತ್ತದೆ. ಮೆಟ್‌ಫಾರ್ಮಿನ್‌ನಲ್ಲೂ ಹೀಗೆಯೇ. ‘ಎಸ್‌ಆರ್’ ಎಂದಿದ್ದರೆ ಔಷಧ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಅದನ್ನು ಜಗಿಯುವುದಾಗಲಿ ಪುಡಿ ಮಾಡುವುದಾಗಲಿ ಕೂಡದು. 500ರ ಬದಲು 1000ದ್ದು ಮಾತ್ರ ಇದೆ ಎಂದು ತಂದು ಎಸ್‌ಆರ್ ಮಾತ್ರೆಯನ್ನು ಮುರಿದು ನುಂಗುವುದು ತಪ್ಪು.

ಇದಕ್ಕಿಂತ ಅಪಾಯದ ತಪ್ಪು ಮನೆಯಲ್ಲಿ ನಡೆಯುತ್ತದೆ. ಕೇಂದ್ರಗಳಿಗೆ ಬರುವ ಮಾತ್ರೆ ಟೆಂಡರಿನ ಮೂಲಕ ಬರುವುದರಿಂದ ತಯಾರಕರು ಬದಲಾಗುತ್ತಾರೆ. ಹೋದ ಸಲ ಬಿಳಿ ದುಂಡು ಮಾತ್ರೆ ಇದ್ದದ್ದು ಈ ಸಲ ಉದ್ದನೆಯ ಬಣ್ಣದ ಮಾತ್ರೆಯಾಗಿರಬಹುದು. ಮಾತ್ರೆಯನ್ನು ಬಣ್ಣದಿಂದಲೇ ಗುರುತಿಡುವ ಹಿರಿಯರು ಹೊಸದನ್ನು ಬೇರೆ ಔಷಧವೆಂದುಕೊಂಡು ಹಳೆಯದರ ಜೊತೆಗೆ ಇದನ್ನೂ ನುಂಗುತ್ತಾರೆ, ಅಥವಾ ನಂಬಿಕೆ ಬಾರದೆ ಎರಡನ್ನೂ ಬಿಡುತ್ತಾರೆ. ಗ್ಲಿಮಿಪಿರೈಡ್‌ನಂಥ ಶುಗರ್ ಮಾತ್ರೆ ಎರಡೆರಡು ಹೊಟ್ಟೆಗೆ ಹೋದರೆ ಸಕ್ಕರೆ ಕುಸಿದು ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ಜನೌಷಧಿಯ ಸ್ಟ್ರಿಪ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ವಿನ್ಯಾಸದಲ್ಲಿರುವುದು ಈ ಗೊಂದಲವನ್ನು ಹೆಚ್ಚಿಸುತ್ತದೆ. ಇದು ಯೋಜನೆಯದೇ ದೋಷ, ಸರಿಪಡಿಸಬೇಕು. ಅಲ್ಲಿಯವರೆಗೆ ಸ್ಟ್ರಿಪ್ಪಿನ ಹಿಂದೆ ಮಾರ್ಕರ್ ಪೆನ್ನಿನಲ್ಲಿ ಕನ್ನಡದಲ್ಲಿ ‘ಬಿಪಿ – ಬೆಳಿಗ್ಗೆ 1’ ಎಂದು ಬರೆಯಿಸಿಕೊಳ್ಳಿ, ಹೊಸದು ಬಂದ ದಿನವೇ ಹಳೆಯ ಬ್ರ್ಯಾಂಡ್ ಸ್ಟ್ರಿಪ್ಪನ್ನು ಡಬ್ಬಿಯಿಂದ ತೆಗೆದಿಡಿ. ಸ್ಟ್ರಿಪ್ ಕತ್ತರಿಸುವಾಗ ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಮಾತ್ರೆಯನ್ನು ವಾರದ ಲೆಕ್ಕದಲ್ಲಿ ಬಿಡಿಸಿಟ್ಟರೆ ಮೆತ್ತಗಾಗುತ್ತದೆ. ನುಂಗುವ ಹೊತ್ತಿಗೇ ಬಿಡಿಸುವುದು ಒಳ್ಳೆಯದು.

ಎಲ್ಲ ಔಷಧವನ್ನೂ ಹೀಗೆ ಸುಲಭವಾಗಿ ಬದಲಿಸಬಾರದು. ಮೂರ್ಛೆರೋಗದ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಥೈರಾಯ್ಡ್‌ನ ಲೆವೊಥೈರಾಕ್ಸಿನ್ ಇವುಗಳಲ್ಲಿ ಔಷಧದ ಮಟ್ಟ ಕೊಂಚ ಹೆಚ್ಚುಕಡಿಮೆಯಾದರೂ ದೇಹಕ್ಕೆ ಗೊತ್ತಾಗುತ್ತದೆ. ಡಾಕ್ಟರಿಗೆ ಹೇಳಿಯೇ ಕಂಪನಿ ಬದಲಿಸಿ. ಥೈರಾಯ್ಡ್ ಮಾತ್ರೆ ಬದಲಿಸಿದವರು 6ರಿಂದ 8 ವಾರಕ್ಕೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ವಾರ್ಫರಿನ್‌ನವರು ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ತಿಳಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಿ. ಕ್ಷಯದ ಔಷಧವನ್ನಂತೂ ಎಲ್ಲಿಯೂ ದುಡ್ಡು ಕೊಟ್ಟು ಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪೂರ್ತಿ ಉಚಿತ, ಜೊತೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ.

ಇನ್ಸುಲಿನ್ ತರುವವರು ಸಿರಿಂಜ್ ಮೇಲೆ ಕಣ್ಣಿಡಬೇಕು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯುನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯುನಿಟ್ ಇರುತ್ತದೆ. ಪೆನ್ ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಔಷಧ ಒಳಗೆ ಹೋಗುತ್ತದೆ, ಜೀವಕ್ಕೇ ಕುತ್ತು. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿಯ ಫ್ರಿಜ್ ಬೇಕು, ಫ್ರೀಜರ್ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬರದು. ಬಳಸುತ್ತಿರುವ ಬಾಟಲಿಯನ್ನು ಹೊರಗಿಟ್ಟರೂ ಸಾಮಾನ್ಯವಾಗಿ 28 ದಿನ ತಾಳುತ್ತದೆ. ಮೂಡಿಗೆರೆ, ಕೊಪ್ಪದ ಕಡೆ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋದರೂ ಹವೆ ತಣ್ಣಗಿರುವುದರಿಂದ ಇದು ದೊಡ್ಡ ಸಮಸ್ಯೆಯಲ್ಲ. ಅರಸೀಕೆರೆ, ಕಡೂರಿನ ಬೇಸಿಗೆಯಲ್ಲಿ ಹಾಗಲ್ಲ. ಅಲ್ಲಿ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಸಣ್ಣ ಪಾತ್ರೆ ಇಳಿಸಿ, ಅದರಲ್ಲಿ ಬಾಟಲಿ ಒದ್ದೆಯಾಗದಂತೆ ಇಡಿ.

ಇನ್ನು ‘ಸ್ಟಾಕ್ ಇಲ್ಲ’ ಎಂಬ ಮಾತು. ಅಂಗಡಿಯವರಿಗೆ ಸಿಗುವ ಲಾಭ ಮಾರಾಟ ಬೆಲೆಯ ಸುಮಾರು ಶೇ 20. ಹತ್ತು ರೂಪಾಯಿಯ ಸ್ಟ್ರಿಪ್ ಮಾರಿದರೆ ಉಳಿಯುವುದು ಎರಡು ರೂಪಾಯಿ. ಬಾಡಿಗೆ, ಫಾರ್ಮಸಿಸ್ಟ್ ಸಂಬಳ, ಕರೆಂಟು ಬಿಲ್ಲು ಅದರಲ್ಲೇ ಹೊರಡಬೇಕು. ತಿಂಗಳಿಗೆ 20,000 ರೂಪಾಯಿವರೆಗಿನ ಪ್ರೋತ್ಸಾಹಧನವಿದೆ, ನಿಗದಿತ 200 ಔಷಧಗಳ ದಾಸ್ತಾನು ಇಟ್ಟವರಿಗೆ ಅದು ಸಿಗುತ್ತದೆ. ಪಟ್ಟಿಯಲ್ಲಿರುವುದು ಎರಡು ಸಾವಿರಕ್ಕೂ ಹೆಚ್ಚು ಔಷಧ. ಸಣ್ಣ ಕೇಂದ್ರದವರು ಅಷ್ಟನ್ನೂ ತಂದಿಡುವುದು ಆಗದ ಮಾತು, ನಿಧಾನ ಓಡುವ ಮಾತ್ರೆಗೆ ದುಡ್ಡು ಕಟ್ಟಿ ಕೂರಲಾರರು. ಹಾಗಾಗಿ ಡಬ್ಬಿಯಲ್ಲಿ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಹೊರಡಿ. ಇಲ್ಲವೆಂದರೆ ಮುಂದಿನ ಆರ್ಡರಿಗೆ ಹೆಸರು ಬರೆಸಿ. ತಿಂಗಳೂ ಬರುವ ಗಿರಾಕಿ ಎಂದು ಗೊತ್ತಾದರೆ ತರಿಸಿಡುತ್ತಾರೆ. ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ, ಔಷಧದ ಬೆಲೆ ನೋಡಬಹುದು. ಆದರೂ ಹೊರಡುವ ಮುನ್ನ ಅಂಗಡಿಗೇ ಫೋನ್ ಮಾಡಿ ಕೇಳುವುದು ಲೇಸು. ಆಸ್ಪತ್ರೆ ಆವರಣದ ಕೇಂದ್ರಕ್ಕೆ ಹೋಗುವವರಂತೂ ವಿಚಾರಿಸಿಯೇ ಹೊರಡಿ. ಅವುಗಳನ್ನು ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿ, ವಿಷಯ ಹೈಕೋರ್ಟ್‌ಗೆ ಹೋಗಿತ್ತು.

ದೂರದ ಲೆಕ್ಕಕ್ಕೆ ಬಂದರೆ ಈ ಸೇವೆಗೆ ನಾವು ಕೊಡುವ ಅಂಕ ಕೆಳಗಿಳಿಯುತ್ತದೆ. ಮಾತ್ರೆಯ ರೇಟು ದೇಶಕ್ಕೆಲ್ಲ ಒಂದೇ, ಅದನ್ನು ಮುಟ್ಟುವ ಖರ್ಚು ಒಂದೇ ಅಲ್ಲ. ಹಾಸನ ಪೇಟೆಯಲ್ಲಿರುವವರು ನಡೆದು ಹೋಗಿ ತರುತ್ತಾರೆ. ಕಳಸದ ಆಚೆಯ ತೋಟದಲ್ಲಿ ಕೆಲಸ ಮಾಡುವವರಿಗೆ ಪೇಟೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಕೊಪ್ಪ, ಶೃಂಗೇರಿ, ಕಳಸದ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಸ್ಟ್ರಿಪ್ಪಿನಲ್ಲಿ ಉಳಿದ ದುಡ್ಡು ದಾರಿಯಲ್ಲೇ ಖರ್ಚಾದ ಮೇಲೆ ಅವರು ಬಟವಾಡೆಯ ದಿನ ಹತ್ತಿರದ ಮೆಡಿಕಲ್‌ನಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿ ತಂದುಕೊಳ್ಳುತ್ತಾರೆ. ವಾರದಲ್ಲಿ ನಾಲ್ಕು ದಿನ ಬಿಪಿ ಮಾತ್ರೆ, ಮೂರು ದಿನ ಇಲ್ಲ. ಪಾರ್ಶ್ವವಾಯು ಹೊಡೆಯುವುದು ಹೀಗೆಯೇ.

ಇಂಥವರಿಗೆ ನಮ್ಮ ಸಲಹೆ ಬೇರೆ: ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿ ಸಿಗದ ಮಾತ್ರೆಗೆ ಮಾತ್ರ ಜನೌಷಧಿ. ಆಮ್ಲೋಡಿಪಿನ್, ಮೆಟ್‌ಫಾರ್ಮಿನ್‌ನಂಥ ಸಾಮಾನ್ಯ ಮಾತ್ರೆಗಳು ಆರೋಗ್ಯ ಕೇಂದ್ರದಲ್ಲಿ ಉಚಿತ. ಬಿಪಿ, ಶುಗರ್‌ನ ದಾಖಲೆ ಪುಸ್ತಕದಲ್ಲಿ ಹೆಸರು ಸೇರಿಸಿಕೊಂಡು, ಒಂದು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಡಿ ಎಂದು ಕೇಳಿ. ಆಶಾ ಕಾರ್ಯಕರ್ತೆಗೂ ತಿಳಿಸಿಡಿ. ಮನೆ ಬಾಗಿಲಿಗೆ ಬಂದು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯೂ ಇದೆ. ಹಾವು ಕಚ್ಚಿದರೆ, ನಾಯಿ ಕಚ್ಚಿದರೆ ಯಾವ ಔಷಧದಂಗಡಿಯನ್ನೂ ಹುಡುಕದೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಜನೌಷಧಿಯ ‘ಸುವಿಧಾ’ ಪ್ಯಾಡ್ 2019ರ ಆಗಸ್ಟ್‌ನಿಂದ ಒಂದಕ್ಕೆ 1 ರೂಪಾಯಿ. ಪೇಟೆಗೆ ಹೋದವರು ಅಕ್ಕಪಕ್ಕದವರಿಗೂ ಸೇರಿಸಿ ತರಬಹುದು.

ದಾರಿ ಹತ್ತಿರವಾಗಲು ಇರುವ ಒಂದು ಉಪಾಯ ಎರಡೂ ಜಿಲ್ಲೆಗಳ ಕೈಯಲ್ಲೇ ಇದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಜನೌಷಧಿ ಕೇಂದ್ರ ತೆರೆಯಲು 2023ರಿಂದ ಅವಕಾಶವಿದೆ. ಗೊಬ್ಬರ, ಬೆಳೆಸಾಲಕ್ಕೆ ಜನ ಹೇಗೂ ಹೋಗುವ ಸೊಸೈಟಿ ಕಟ್ಟಡದಲ್ಲೇ 120 ಚದರ ಅಡಿಯ ಕೋಣೆ, ಡಿ.ಫಾರ್ಮ ಅಥವಾ ಬಿ.ಫಾರ್ಮ ಓದಿ ನೋಂದಾಯಿಸಿಕೊಂಡ ಒಬ್ಬ ಫಾರ್ಮಸಿಸ್ಟ್, ಔಷಧ ಮಾರಾಟದ ಲೈಸೆನ್ಸ್ ಇದ್ದರೆ ಅರ್ಜಿ ಹಾಕಬಹುದು. ಸ್ವಂತ ಕಟ್ಟಡವಿದ್ದರೆ ಬಾಡಿಗೆಯ ಹೊರೆ ಇಲ್ಲ. ಹಳ್ಳಿಯಲ್ಲಿ ಕೂರಲು ಒಪ್ಪುವ ಫಾರ್ಮಸಿಸ್ಟ್ ಸಿಗುವುದೇ ಕಷ್ಟದ ಭಾಗ, ಸಂಬಳದ ಒಂದು ಪಾಲನ್ನಾದರೂ ಮೊದಲ ವರ್ಷ ಸಂಘವೇ ಹೊರಬೇಕಾದೀತು. ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಗೆ ಮೊದಲೇ ಸದಸ್ಯರು ಕಾರ್ಯದರ್ಶಿಗೆ ಲಿಖಿತವಾಗಿ ಕೊಟ್ಟು ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಕೇಳಿ. ಊರಲ್ಲಿ ತಿಂಗಳೂ ಬಿಪಿ, ಶುಗರ್ ಮಾತ್ರೆ ಕೊಳ್ಳುವ ಮನೆಗಳ ಪಟ್ಟಿಯನ್ನೂ ಜೊತೆಗಿಡಿ. ಎಷ್ಟು ಮಾರಾಟವಾದೀತು ಎಂದು ಆಡಳಿತ ಮಂಡಳಿ ಮೊದಲು ಕೇಳುವುದೇ ಅದನ್ನು.