ರಿಸ್ಟೋರ್, ರೀಸೆಟ್, ಡಿಸ್ಕ್ ಇಮೇಜ್: ಯಾವ ದಾರಿಯಲ್ಲಿ ಏನು ಉಳಿಯಿತು, ಏನು ಹೋಯಿತು

ಎರಡು ವರ್ಷಗಳ ಹಿಂದೆ ನನ್ನ ಕೆಲಸದ ಕಂಪ್ಯೂಟರ್ ಹೊಸ ಡ್ರೈವರ್ (ಯಂತ್ರದ ಭಾಗವೊಂದನ್ನು ನಡೆಸುವ ತಂತ್ರಾಂಶ) ಹಾಕಿದ ಮರುದಿನವೇ ಆರಂಭವಾಗದೆ ನಿಂತುಹೋಯಿತು. ಗಡಿಬಿಡಿಯಲ್ಲಿ ‘ನನ್ನ ಕಡತಗಳನ್ನು ಉಳಿಸಿಕೊ’ ಎಂಬ ಆಯ್ಕೆಯೊಂದಿಗೆ ವಿಂಡೋಸ್ ರೀಸೆಟ್ ಮಾಡಿದೆ, ಅಂದರೆ ವಿಂಡೋಸನ್ನು ಹೊಸದಾಗಿ ಮತ್ತೆ ಹಾಕಿಸಿದೆ. ಬರಹಗಳು, ಫೋಟೊಗಳು ಇದ್ದಲ್ಲಿಯೇ ಇದ್ದವು. ಆದರೆ ಇಮೇಲ್ ತಂತ್ರಾಂಶವನ್ನು ಮತ್ತೆ ಅನುಸ್ಥಾಪಿಸಿ ತೆರೆದಾಗ, ಮೊದಲ ಬಾರಿ ತೆರೆದವರಿಗೆ ಕಾಣುವಂತೆ, ಅದು ಖಾತೆಯ ಹೆಸರನ್ನು ಕೇಳುತ್ತ ಖಾಲಿಯಾಗಿ ನಿಂತಿತ್ತು. ಸರ್ವರ್‌ನಲ್ಲಿ ಪ್ರತಿ ಉಳಿಸದೆ ನೇರವಾಗಿ ಕಂಪ್ಯೂಟರ್‌ಗೆ ಇಳಿಸಿಕೊಳ್ಳುತ್ತಿದ್ದ ಆರು ವರ್ಷಗಳ ಪತ್ರವ್ಯವಹಾರ ಹೀಗೆ ಕೈತಪ್ಪಿತು. ಅದರ ಒಂದು ಪ್ರತಿ ಹಳೆಯ ವ್ಯವಸ್ಥೆಯನ್ನು ಎತ್ತಿಡುವ ‘ವಿಂಡೋಸ್.ಓಲ್ಡ್’ ಫೋಲ್ಡರ್‌ನಲ್ಲಿ ಇದ್ದಿರಬಹುದೆಂದು ತಿಳಿಯುವ ಹೊತ್ತಿಗೆ, ಜಾಗ ಸಾಲದೆಂದು ನಾನೇ ಆ ಫೋಲ್ಡರನ್ನು ಅಳಿಸಿಯಾಗಿತ್ತು.

ಆ ನಷ್ಟದ ನಂತರ, ಮತ್ತೊಮ್ಮೆ ಇಂಥ ಸಂದರ್ಭ ಬಂದರೆ ಊಹೆಯ ಮೇಲೆ ಗುಂಡಿ ಒತ್ತಬಾರದೆಂದು ನಿರ್ಧರಿಸಿ, ಬಳಕೆಯಲ್ಲಿಲ್ಲದ ಲ್ಯಾಪ್‌ಟಾಪ್ ಒಂದರಲ್ಲಿ ವಿಂಡೋಸ್ 11 ಹಾಕಿ, ನಾನು ದಿನವೂ ಬಳಸುವ 41 ತಂತ್ರಾಂಶಗಳನ್ನು ಅನುಸ್ಥಾಪಿಸಿ, ನಿಜವಾದ ಕೆಲಸದ ಕಡತಗಳ ಪ್ರತಿಯನ್ನೂ ತುಂಬಿಸಿ, ಕೆಟ್ಟ ವಿಂಡೋಸನ್ನು ಸರಿಪಡಿಸುವ ಮೂರು ದಾರಿಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸಿದೆ. ಪ್ರತಿ ಪರೀಕ್ಷೆಗೂ ಮೊದಲು ಯಂತ್ರವನ್ನು ಅದೇ ಸ್ಥಿತಿಗೆ ತಂದು, ಕಡತಗಳ ಎಣಿಕೆಯನ್ನೂ ಮುಖ್ಯವಾದವುಗಳ ಎಸ್‌ಎಚ್‌ಎ-256 ಮೊತ್ತವನ್ನೂ (ಕಡತದಲ್ಲಿ ಒಂದಕ್ಷರ ಬದಲಾದರೂ ಬದಲಾಗುವ, ಅದರ ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟುಕೊಂಡೆ. ಕಡತವೊಂದು ಕಣ್ಣಿಗೆ ಕಂಡ ಮಾತ್ರಕ್ಕೆ ಅದು ಪೂರ್ತಿಯಾಗಿ ಉಳಿದಿದೆ ಎಂದು ಹೇಳಲಾಗದು.

ಮೊದಲನೆಯದು ಸಿಸ್ಟಮ್ ರಿಸ್ಟೋರ್. 2000ದಲ್ಲಿ ಬಂದ ವಿಂಡೋಸ್ ಎಂಇ ಕಾಲದಿಂದ ಇರುವ ಈ ಸೌಲಭ್ಯ ಸಿಸ್ಟಮ್ ಕಡತಗಳು, ರಿಜಿಸ್ಟ್ರಿ (ವಿಂಡೋಸ್ ತನ್ನ ಸಿದ್ಧತೆಗಳನ್ನು ಬರೆದಿಡುವ ದಾಖಲೆ), ಡ್ರೈವರ್‌ಗಳು ಮತ್ತು ಅನುಸ್ಥಾಪಿತ ತಂತ್ರಾಂಶಗಳನ್ನು ಹಿಂದೆ ಯಾವಾಗಲೋ ದಾಖಲಿಸಿಟ್ಟ ಸ್ಥಿತಿಗೆ, ಅಂದರೆ ‘ರಿಸ್ಟೋರ್ ಪಾಯಿಂಟ್’ಗೆ, ಒಯ್ಯುತ್ತದೆ. ಪರೀಕ್ಷೆಯಲ್ಲಿ ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು. ರಿಸ್ಟೋರ್ ಪಾಯಿಂಟ್ ರಚಿಸಿದ ನಂತರ ಹಾಕಿದ್ದ ಮೂರು ತಂತ್ರಾಂಶಗಳಷ್ಟೇ ಹೋದವು, ಮತ್ತು ಹಾಗೆ ಹೋಗಲಿರುವವುಗಳ ಪಟ್ಟಿಯನ್ನು ಅದು ಮುಂಚಿತವಾಗಿ ತೋರಿಸಿತ್ತು. ಇಮೇಲ್, ಬ್ರೌಸರ್, ಬರಹಗಳು ಎಲ್ಲವೂ ಹಾಗೆಯೇ ಇದ್ದವು. ಒಂದೇ ಒಂದು ವ್ಯತ್ಯಾಸ ಕಂಡದ್ದು ಸಿ ಡ್ರೈವ್‌ನಲ್ಲಿ ನೇರವಾಗಿ ರಚಿಸಿದ್ದ ಫೋಲ್ಡರ್ ಒಂದರಲ್ಲಿ: ಅಲ್ಲಿದ್ದ ಬ್ಯಾಚ್ ಕಡತವೊಂದು (ಆದೇಶಗಳನ್ನು ಸಾಲಾಗಿ ಬರೆದಿಟ್ಟ ಸ್ಕ್ರಿಪ್ಟ್) ನಾನು ತಿದ್ದುವುದಕ್ಕೆ ಮುಂಚಿನ ರೂಪಕ್ಕೆ ಮರಳಿತ್ತು. ಪ್ರೋಗ್ರಾಮ್ ಮತ್ತು ಸ್ಕ್ರಿಪ್ಟ್ ಜಾತಿಯ ಕಡತಗಳನ್ನು ಈ ಸೌಲಭ್ಯ ಸಿಸ್ಟಮ್ಮಿನ ಭಾಗವೆಂದೇ ಪರಿಗಣಿಸುವುದರಿಂದ, ಸ್ವಂತ ಸ್ಕ್ರಿಪ್ಟ್‌ಗಳನ್ನು ಬರೆಯುವವರು ಅವುಗಳನ್ನು ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಇಡುವುದು ಕ್ಷೇಮ. ಇದರ ದೊಡ್ಡ ಮಿತಿ ಬೇರೆಯೇ ಇದೆ. ಅನೇಕ ಕಂಪ್ಯೂಟರ್‌ಗಳಲ್ಲಿ ಈ ರಕ್ಷಣೆ ಚಾಲೂ ಆಗಿಯೇ ಇರುವುದಿಲ್ಲ. ಚಾಲೂ ಇದ್ದರೂ ರಿಸ್ಟೋರ್ ಪಾಯಿಂಟ್‌ಗಳು ಅದೇ ಡಿಸ್ಕಿನಲ್ಲಿ ಇರುತ್ತವೆ, ಡಿಸ್ಕ್ ಹೋದರೆ ಅವೂ ಹೋಗುತ್ತವೆ.

ಎರಡನೆಯದು, ನನ್ನನ್ನು ಮೊದಲು ಮುಳುಗಿಸಿದ ರೀಸೆಟ್. ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆಯನ್ನೇ ಮತ್ತೆ ಆರಿಸಿದೆ. ಒಂದೂವರೆ ಗಂಟೆಯ ನಂತರ ಹೊಸದರಂತೆ ಹೊಳೆಯುವ ವಿಂಡೋಸ್ ತೆರೆದುಕೊಂಡಿತು. ಡೆಸ್ಕ್‌ಟಾಪ್ ಮೇಲೆ ತೆಗೆದುಹಾಕಿದ ತಂತ್ರಾಂಶಗಳ ಪಟ್ಟಿಯ ಒಂದು ಕಡತವೂ ಇತ್ತು. ಆ ಪಟ್ಟಿ ಉಪಕಾರಿಯೇ, ಆದರೆ ಅದು ಹೇಳುವುದು ಹೆಸರುಗಳನ್ನು ಮಾತ್ರ. ಆ ಹೆಸರುಗಳ ಹಿಂದೆ ನಾವು ವರ್ಷಗಟ್ಟಲೆ ಕೂಡಿಸಿಟ್ಟದ್ದು ಏನೇನಿತ್ತು ಎಂಬುದನ್ನು ಅದು ಹೇಳುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಬಳಕೆದಾರರ ಫೋಲ್ಡರ್‌ನೊಳಗೆ ‘ಆ್ಯಪ್‌ಡೇಟಾ’ ಎಂಬ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಒಂದು ಫೋಲ್ಡರ್ ಇರುತ್ತದೆ. ನನ್ನ ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್‌ನ ಪತ್ರಗಳು, ಬ್ರೌಸರ್‌ಗಳ ಬುಕ್‌ಮಾರ್ಕ್‌ಗಳು, ಸ್ಟಿಕಿ ನೋಟ್ಸ್‌ನ ಟಿಪ್ಪಣಿಗಳು, ನಮ್ಮ ಖಾತೆಗೆ ಮಾತ್ರ ಹಾಕಿಕೊಂಡ ಫಾಂಟುಗಳು, ಬರಹದ ತಂತ್ರಾಂಶಕ್ಕೆ ನಾವೇ ಕಲಿಸಿದ ಪದಗಳ ಪಟ್ಟಿ, ಇವೆಲ್ಲ ಇರುವುದು ಅಲ್ಲಿಯೇ. ನಾವು ಇವನ್ನು ನಮ್ಮ ಕಡತಗಳೆಂದು ತಿಳಿದಿರುತ್ತೇವೆ. ರೀಸೆಟ್ ಮಾತ್ರ ಇವನ್ನು ತಂತ್ರಾಂಶದ ಸೊತ್ತೆಂದು ಎಣಿಸಿ ತಂತ್ರಾಂಶದೊಂದಿಗೆ ಹೊರಹಾಕುತ್ತದೆ. ಈ ಬಾರಿ ನಾನು ವಿಂಡೋಸ್.ಓಲ್ಡ್ ಒಳಗೆ ಹುಡುಕಿ ಇಮೇಲ್‌ನ ಪ್ರೊಫೈಲ್ ಫೋಲ್ಡರನ್ನು ಹೊರತೆಗೆದು, ಹೊಸದಾಗಿ ಅನುಸ್ಥಾಪಿಸಿದ ಥಂಡರ್‌ಬರ್ಡ್‌ಗೆ ತೋರಿಸಿದೆ. ಪತ್ರಗಳೆಲ್ಲ ಮರಳಿದವು. ಬ್ರೌಸರ್‌ನಲ್ಲಿ ಅಷ್ಟು ಸುಲಭವಾಗಲಿಲ್ಲ. ಕ್ರೋಮ್‌ನ ಹಳೆಯ ಪ್ರೊಫೈಲನ್ನು ತಂದು ಇಟ್ಟಾಗ ಬುಕ್‌ಮಾರ್ಕ್‌ಗಳು ಸಾಲಾಗಿ ಬಂದು ನಿಂತವು, ಪಾಸ್‌ವರ್ಡ್‌ಗಳು ಬರಲೇ ಇಲ್ಲ. ಅವು ಗೂಢಲಿಪಿಯಲ್ಲಿರುತ್ತವೆ, ಅದನ್ನು ಬಿಡಿಸುವ ಕೀಲಿ ಹಳೆಯ ವಿಂಡೋಸ್‌ನ ಬಳಕೆದಾರ ಖಾತೆಗೆ ಅಂಟಿಕೊಂಡಿರುತ್ತದೆ. ಕಡತವನ್ನು ನಕಲು ಮಾಡಿದಾಗ ಕೀಲಿಯೂ ಜೊತೆಗೆ ಬರುವುದಿಲ್ಲ. ಆದ್ದರಿಂದ ಪಾಸ್‌ವರ್ಡ್‌ಗಳನ್ನು ಮೊದಲೇ ರಫ್ತು ಮಾಡಿಕೊಳ್ಳಬೇಕು, ಇಲ್ಲವೇ ಪ್ರತ್ಯೇಕ ಪಾಸ್‌ವರ್ಡ್ ನಿರ್ವಾಹಕದಲ್ಲಿ ಇಡಬೇಕು. ಹಣ ಕೊಟ್ಟು ಕೊಂಡ ತಂತ್ರಾಂಶಗಳಿಗೂ ಇಂಥದೇ ಎಚ್ಚರ ಬೇಕು: ಎಷ್ಟು ಯಂತ್ರಗಳಲ್ಲಿ ಬಳಸಬಹುದೆಂದು ಎಣಿಸುವಂಥವುಗಳ ನೋಂದಣಿಯನ್ನು ರೀಸೆಟ್‌ಗೆ ಮುಂಚೆಯೇ ಹಿಂಪಡೆಯದಿದ್ದರೆ, ಅದೇ ಯಂತ್ರವನ್ನು ಅವು ಎರಡನೆಯ ಯಂತ್ರವೆಂದು ಲೆಕ್ಕ ಹಾಕುವ ಸಾಧ್ಯತೆಯಿದೆ.

ಮೂರನೆಯದು ಡಿಸ್ಕ್ ಇಮೇಜ್, ಅಂದರೆ ಇಡೀ ಡಿಸ್ಕಿನ ಯಥಾವತ್ತಾದ ಪ್ರತಿ. ವಿಂಡೋಸ್‌ನೊಳಗೇ ಇರುವ ಇಮೇಜ್ ಸೌಲಭ್ಯವನ್ನು ಮೈಕ್ರೋಸಾಫ್ಟ್ 2017ರಿಂದಲೇ ಹಳೆಯದೆಂದು ಬದಿಗೆ ಸರಿಸಿರುವುದರಿಂದ, ಉಚಿತವೂ ಮುಕ್ತ ಆಕರದ್ದೂ ಆದ ಕ್ಲೋನ್‌ಜಿಲ್ಲಾವನ್ನು ಯುಎಸ್‌ಬಿಯಿಂದ ಆರಂಭಿಸಿ, ಇಡೀ ಡಿಸ್ಕನ್ನು ಹೊರಗಿನ ಡ್ರೈವ್‌ಗೆ ಉಳಿಸಿದೆ. ಇದರ ಅಕ್ಷರಪರದೆ ಮೊದಲ ನೋಟಕ್ಕೆ ಅಂಜಿಸುತ್ತದೆ. ಆಕರ ಡಿಸ್ಕ್ ಯಾವುದು, ಗುರಿ ಡಿಸ್ಕ್ ಯಾವುದು ಎಂದು ಗಾತ್ರ ನೋಡಿ ಎರಡೆರಡು ಬಾರಿ ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು. ಅಲ್ಲಿ ಅದಲು ಬದಲಾದರೆ ಉಳಿಸಲು ಹೊರಟದ್ದನ್ನೇ ಅಳಿಸಿದಂತಾಗುತ್ತದೆ. ಹೊಸ ಡಿಸ್ಕಿಗೆ ಇಳಿಸುವುದಾದರೆ ಅದು ಹಳೆಯದಕ್ಕಿಂತ ಚಿಕ್ಕದಾಗಿರಬಾರದು. ಫಲಿತಾಂಶ ಮಾತ್ರ ಮಿಕ್ಕೆರಡಕ್ಕೂ ಮೀರಿದ್ದು. ಆ ಇಮೇಜನ್ನು ಮರಳಿ ಇಳಿಸಿದಾಗ, ನಲವತ್ತು ನಿಮಿಷಗಳಲ್ಲಿ 41 ತಂತ್ರಾಂಶಗಳೂ ಅವುಗಳ ಸಿದ್ಧತೆಗಳೂ ಪತ್ರಗಳೂ ಪಾಸ್‌ವರ್ಡ್‌ಗಳೂ ಮರಳಿದವು, ಪರದೆಯ ಮೇಲಿನ ಚಿಹ್ನೆಗಳು ಕೂಡ ಇದ್ದ ಜಾಗದಲ್ಲೇ ಇದ್ದವು. ಆದರೆ ಇಮೇಜ್ ತೆಗೆದ ಮೇಲೆ ಒಂಬತ್ತು ದಿನ ಬರೆದ ಪರೀಕ್ಷೆಯ ಟಿಪ್ಪಣಿಗಳಲ್ಲಿ ಒಂದು ಸಾಲೂ ಆ ಡಿಸ್ಕಿನಲ್ಲಿ ಉಳಿಯಲಿಲ್ಲ. ಇಮೇಜ್ ಇಡೀ ಡಿಸ್ಕನ್ನೇ ತಿರುಗಿ ಬರೆಯುತ್ತದೆ, ನಡುವಿನ ದಿನಗಳು ಅದಕ್ಕೆ ಗೊತ್ತಿಲ್ಲ. ಇಮೇಜನ್ನು ಇಳಿಸುವುದಕ್ಕೆ ಮುಂಚೆ ಲಿನಕ್ಸ್ ಯುಎಸ್‌ಬಿಯೊಂದರಿಂದ ಯಂತ್ರವನ್ನು ಆರಂಭಿಸಿ ಇತ್ತೀಚಿನ ಕಡತಗಳನ್ನು ಹೊರಗೆ ನಕಲು ಮಾಡಿಕೊಳ್ಳುವುದು ಅಗತ್ಯ. ನನ್ನ ಟಿಪ್ಪಣಿಗಳು ಹಾಗೆ ಮಾಡಿದ್ದರಿಂದಲೇ ಬದುಕಿದವು.

ರೀಸೆಟ್‌ನ ನಂತರ ತಂತ್ರಾಂಶಗಳನ್ನು ಮತ್ತೆ ಹಾಕುವ ಕೆಲಸವನ್ನೂ ಎರಡು ರೀತಿಯಲ್ಲಿ ಮಾಡಿ ನೋಡಿದೆ. ಒಂದೊಂದನ್ನೇ ಜಾಲತಾಣದಿಂದ ಇಳಿಸಿ ಹಾಕಲು ಸುಮಾರು ಒಂದು ದಿನ ಹಿಡಿಯಿತು. ಮೈಕ್ರೋಸಾಫ್ಟ್ 2021ರಲ್ಲಿ ಮೊದಲ ಪೂರ್ಣ ಆವೃತ್ತಿಯಾಗಿ ಬಿಡುಗಡೆ ಮಾಡಿದ ವಿಂಗೆಟ್ ಎಂಬ ಸಾಧನದಲ್ಲಿ, ಮುಂಚೆಯೇ ‘ಎಕ್ಸ್‌ಪೋರ್ಟ್’ ಆದೇಶ ಕೊಟ್ಟು ಉಳಿಸಿಕೊಂಡ ಪಟ್ಟಿಯನ್ನು ರೀಸೆಟ್ ನಂತರ ‘ಇಂಪೋರ್ಟ್’ ಮಾಡಿದಾಗ, 41ರಲ್ಲಿ 33 ತಂತ್ರಾಂಶಗಳು ಒಂದು ಗಂಟೆಯೊಳಗೆ ತಾವಾಗಿಯೇ ಬಂದು ಕೂತವು. ಉಳಿದ ಎಂಟು ಅದರ ಭಂಡಾರದಲ್ಲಿ ಇರಲಿಲ್ಲ. ಅವುಗಳ ಅನುಸ್ಥಾಪನಾ ಕಡತಗಳನ್ನು ನಾನೀಗ ಹೊರಗಿನ ಡ್ರೈವ್‌ನಲ್ಲಿ ಒಂದೆಡೆ ಇಟ್ಟಿದ್ದೇನೆ. ವಿಂಗೆಟ್ ತರುವುದು ತಂತ್ರಾಂಶವನ್ನು ಮಾತ್ರ. ಆ್ಯಪ್‌ಡೇಟಾದ ಒಳಗಿದ್ದದ್ದನ್ನು ಅದೂ ತರುವುದಿಲ್ಲ.

ಎಲ್ಲ ಹೋದ ಮೇಲೆ, ಅಳಿಸಿದ ಕಡತಗಳನ್ನು ಹುಡುಕಿ ತೆಗೆಯುವ ಫೋಟೊರೆಕ್ ಮುಂತಾದ ಸಾಧನಗಳಿಂದ ಹುಡುಕಬಹುದು ಎಂದು ಧೈರ್ಯ ತಂದುಕೊಳ್ಳುವವರಿದ್ದಾರೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅದರಿಂದ ನೂರಾರು ಚಿತ್ರಗಳನ್ನು ಮರಳಿ ಪಡೆದಿದ್ದೇನೆ, ಆದರೆ ಹೆಸರುಗಳೂ ಫೋಲ್ಡರ್‌ಗಳೂ ಇಲ್ಲದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಟ್ರಿಮ್ ಎಂಬ ಆದೇಶ ಬೇಗನೆ ಬರಿದು ಮಾಡುವುದರಿಂದ, ನನಗೆ ಉಪಯುಕ್ತವಾದ ಏನೂ ಸಿಗಲಿಲ್ಲ.

ಹಾಗಾಗಿ ಯಂತ್ರ ಕೈಕೊಟ್ಟರೆ ನಾನು ಮೊದಲು ರಿಸ್ಟೋರ್, ಅದು ಆಗದಿದ್ದರೆ ಕಡತಗಳ ನಕಲು ತೆಗೆದು ಇಮೇಜ್, ಎರಡೂ ಇಲ್ಲದಿದ್ದರೆ ಮಾತ್ರ ರೀಸೆಟ್ ಎಂಬ ಕ್ರಮವನ್ನು ಅನುಸರಿಸುತ್ತೇನೆ. ತಿಂಗಳಿಗೊಂದು ಇಮೇಜ್, ಗಂಟೆಗೊಮ್ಮೆ ಪ್ರತಿ ತೆಗೆಯುವ ಫೈಲ್ ಹಿಸ್ಟರಿ, ವಾರಕ್ಕೊಮ್ಮೆ ಆ್ಯಪ್‌ಡೇಟಾದ ಆಯ್ದ ಫೋಲ್ಡರ್‌ಗಳ ನಕಲು, ಇಷ್ಟು ಈಗ ನಡೆಯುತ್ತಿದೆ. ನಕಲು ತೆಗೆಯುವಾಗ ಇಮೇಲ್ ಮತ್ತು ಬ್ರೌಸರ್‌ಗಳನ್ನು ಮುಚ್ಚಿರಬೇಕು. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಇರುವ ಯಂತ್ರವಾದರೆ ಈ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಅದರ 48 ಅಂಕಿಗಳ ಕೀಲಿಯನ್ನು ಕೇಳುವ ಪರದೆ ಎದುರಾಗಬಹುದು. ಅದನ್ನು ನಾನು ಅದೇ ಯಂತ್ರದೊಳಗೆ ಇಟ್ಟಿಲ್ಲ, ಹಾಳೆಯಲ್ಲಿ ಬರೆದು ಹೊರಗಿನ ಡ್ರೈವ್‌ನಿಂದ ದೂರ, ಬೇರೆ ಕಡೆ ತೆಗೆದಿಟ್ಟಿದ್ದೇನೆ.