ಹಾರ್ಡ್ ಡಿಸ್ಕ್ ಕ್ಲೋನಿಂಗ್‌ಗೆ ಗ್ನೂ ಡಿಡಿರೆಸ್ಕ್ಯೂ: ದೀರ್ಘ ಬಳಕೆಯ ನಂತರ

ಲಿನಕ್ಸ್‌ನಲ್ಲಿ ಡಿಸ್ಕ್ ಕ್ಲೋನ್, ಅಂದರೆ ಇಡೀ ಡಿಸ್ಕಿನ ತದ್ರೂಪು ನಕಲು, ಮಾಡಬೇಕೆಂದರೆ ಕೈ ಮೊದಲು ಹೋಗುವುದು ಡಿಡಿ ಎಂಬ ನಕಲು ಕಮಾಂಡಿನ ಕಡೆಗೆ. ಡಿಸ್ಕ್ ಗಟ್ಟಿಮುಟ್ಟಾಗಿದ್ದರೆ ಅದು ಸಾಕು. ಆದರೆ ಎಷ್ಟೋ ಸಲ ಕ್ಲೋನ್ ಮಾಡುವುದೇ ಡಿಸ್ಕ್ ಮೇಲಿನ ನಂಬಿಕೆ ಹೋದಾಗ. ಆಗ ಡಿಡಿ ಮೊದಲ ಕೆಟ್ಟ ಸೆಕ್ಟರಿಗೇ (ಡಿಸ್ಕಿನ ಚಿಕ್ಕ ತುಣುಕು) ನಿಂತುಬಿಡುತ್ತದೆ. ದೋಷ ಬಂದರೂ ನಿಲ್ಲದಿರಲು ನೋಎರರ್, ಓದಲಾಗದ್ದನ್ನು ಸೊನ್ನೆಯಿಂದ ತುಂಬಲು ಸಿಂಕ್ ಆಯ್ಕೆ ಹಾಕಿದರೆ ಮುಂದೆ ಸಾಗುತ್ತದೆ, ನಿಜ. ಒಮ್ಮೆಗೆ ಓದುವ ಬ್ಲಾಕ್ ಗಾತ್ರ 1 ಎಂಬಿ ಇಟ್ಟಿದ್ದರೆ ಮಾತ್ರ 512 ಬೈಟಿನ ಒಂದು ಸೆಕ್ಟರಿಗಾಗಿ ಇಡೀ 1 ಎಂಬಿ ಸೊನ್ನೆಯಾಗಬಹುದು. ಸಿಂಕ್ ಮರೆತರಂತೂ ಓದಲಾಗದ ಭಾಗ ಬಿಟ್ಟುಹೋಗಿ, ಅದರ ನಂತರದ ಡೇಟಾ ಎಲ್ಲ ಜಾಗ ತಪ್ಪುತ್ತದೆ.

ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತಲೆಂದೇ ಇರುವ ಡಿಡಿರೆಸ್ಕ್ಯೂ ಗೆಲ್ಲುವುದು ಅದರ ಮ್ಯಾಪ್‌ಫೈಲ್‌ನಿಂದ. ಸಾಮಾನ್ಯ ಪಠ್ಯ ಕಡತ ಅದು. ಒಂದೊಂದು ಸಾಲಿನಲ್ಲೂ ಎಲ್ಲಿಂದ, ಎಷ್ಟು ಉದ್ದ, ಏನಾಯಿತು ಎಂಬ ಮೂರೇ ವಿವರ: ಓದಿದ್ದಕ್ಕೆ +, ಕೆಟ್ಟದ್ದಕ್ಕೆ -, ಇನ್ನೂ ಮುಟ್ಟದ್ದಕ್ಕೆ ?. ಸೆಕೆಂಡಿಗೆ 100 ಎಂಬಿಯಂತೆ ಓಡಿದರೂ 1 ಟಿಬಿಗೆ ಸುಮಾರು 2 ಗಂಟೆ 47 ನಿಮಿಷ ಬೇಕು. ನಡುವೆ ಕರೆಂಟ್ ಹೋದರೆ ಅದೇ ಕಮಾಂಡ್ ಮತ್ತೆ ಕೊಟ್ಟರಾಯಿತು, ನಿಂತಲ್ಲಿಂದಲೇ ಮುಂದುವರಿಯುತ್ತದೆ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿದ್ದರೆ ಮ್ಯಾಪ್‌ಫೈಲ್ ಅನ್ನು ಬೇರೆ ಪೆನ್‌ಡ್ರೈವಿನಲ್ಲಿಡಿ. ರ‍್ಯಾಮ್‌ನಲ್ಲಿದ್ದರೆ ಕರೆಂಟಿನ ಜೊತೆ ಅದೂ ಹೋಗುತ್ತದೆ.

ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಕಮಾಂಡ್ ಮಾತ್ರ ಡಿಡಿರೆಸ್ಕ್ಯೂ. ಎರಡು ಸುತ್ತಿನಲ್ಲಿ ಓಡಿಸಿ. ಮೊದಲ ಸುತ್ತಿಗೆ ಚಿಕ್ಕಕ್ಷರದ ಎಫ್ ಮತ್ತು ಎನ್ ಆಯ್ಕೆ (-f -n): ಸುಲಭವಾಗಿ ಬರುವುದೆಲ್ಲ ಬಂದುಬಿಡಲಿ, ಕೆಟ್ಟ ಜಾಗವನ್ನು ಕೆರೆಯುವುದು ಬೇಡ. ಸಾಯುತ್ತಿರುವ ಡಿಸ್ಕಿಗೆ ಈ ಕ್ರಮವೇ ಜೀವಾಳ. ಎರಡನೇ ಸುತ್ತಿಗೆ ಎನ್ ತೆಗೆದು ಡಿ, ಎಫ್, ಆರ್3 (-d -f -r3), ಅಂದರೆ ಕರ್ನಲ್ ಕ್ಯಾಶ್ (ಲಿನಕ್ಸ್‌ನ ತಾತ್ಕಾಲಿಕ ಸಂಗ್ರಹ) ಬಿಟ್ಟು ನೇರ ಓದು, ಮೂರು ಮರುಪ್ರಯತ್ನ. ಮೂಲ ಮೊದಲು, ಗುರಿ ಆಮೇಲೆ, ಕೊನೆಗೆ ಮ್ಯಾಪ್‌ಫೈಲ್. ಎಫ್ ಹಾಕಿದ ಮೇಲೆ ಅದು ಏನನ್ನೂ ಕೇಳದೆ ಬರೆಯುತ್ತದೆ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು, ಹಾಗಾಗಿ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆಯಲ್ಲಿ ಸೀರಿಯಲ್ ನಂಬರ್ ನೋಡಿಕೊಂಡೇ ಎಂಟರ್ ಒತ್ತಿ.

ಕೊರತೆ ಇಲ್ಲದಿಲ್ಲ. ಫೈಲ್‌ಸಿಸ್ಟಮ್, ಅಂದರೆ ಯಾವ ಕಡತ ಎಲ್ಲಿದೆ ಎಂಬ ಏರ್ಪಾಡು, ಡಿಡಿರೆಸ್ಕ್ಯೂಗೆ ಅರ್ಥವಾಗದು. 1 ಟಿಬಿಯಲ್ಲಿ 80 ಜಿಬಿ ಮಾತ್ರ ತುಂಬಿದ್ದರೂ ಪೂರ್ತಿ 1 ಟಿಬಿ ಓದುತ್ತದೆ. ಆರೋಗ್ಯವಾಗಿರುವ ಡಿಸ್ಕಿಗೆ ಪಾರ್ಟ್‌ಕ್ಲೋನ್ ಅಥವಾ ಅದನ್ನೇ ಮೆನುವಿನೊಂದಿಗೆ ಕೊಡುವ ಕ್ಲೋನ್‌ಜಿಲ್ಲಾ ವಾಸಿ, ಬಳಸಿದ ಬ್ಲಾಕುಗಳನ್ನಷ್ಟೇ ನಕಲಿಸುತ್ತವೆ. ಡಿಸ್ಕಿಗೆ ಲಿನಕ್ಸ್‌ನ ಲಕ್ಸ್ ಎನ್‌ಕ್ರಿಪ್ಷನ್ ಹಾಕಿ, ಅದನ್ನು ತೆರೆಯದೆ ಇದ್ದರೆ ಆ ಲಾಭವೂ ಇಲ್ಲ.

ಮುಗಿದ ಮೇಲೆ ಎರಡೂ ಡಿಸ್ಕ್ ಒಟ್ಟಿಗೆ ಇಟ್ಟು ಬೂಟ್ ಮಾಡಬೇಡಿ. ಯುಯುಐಡಿ (ಫೈಲ್‌ಸಿಸ್ಟಮ್‌ನ ಗುರುತು ಸಂಖ್ಯೆ) ಒಂದೇ ಆಗಿರುವುದರಿಂದ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಆದರೆ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ, ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್‌ನಲ್ಲಿ ಡೇಟಾವೇ ಹಾಳಾಗಬಹುದು. ಗುರಿ ಡಿಸ್ಕ್ ದೊಡ್ಡದಾಗಿದ್ದರೆ ಜಿಪಿಟಿಯ (ಡಿಸ್ಕಿನ ವಿಭಾಗಗಳ ಪಟ್ಟಿ) ಬ್ಯಾಕಪ್ ಹೆಡರ್ ನಡುವೆಲ್ಲೋ ಉಳಿದಿರುತ್ತದೆ. ಆ ಪಟ್ಟಿ ತಿದ್ದುವ ಎಸ್‌ಜಿಡಿಸ್ಕ್ ಕಮಾಂಡಿಗೆ ಚಿಕ್ಕಕ್ಷರದ ಇ (-e) ಕೊಟ್ಟರೆ ಹೆಡರ್ ಡಿಸ್ಕಿನ ಕೊನೆಗೆ ಸರಿಯುತ್ತದೆ. ಗುರಿ ಎಸ್‌ಎಸ್‌ಡಿ ಆಗಿದ್ದರೆ ಮೊದಲ ಬೂಟಿನಲ್ಲೇ, ಯಾವ ಜಾಗ ಖಾಲಿ ಎಂದು ಡಿಸ್ಕಿಗೆ ತಿಳಿಸುವ ಎಫ್‌ಎಸ್‌ಟ್ರಿಮ್ ಓಡಿಸಿ. ಖಾಲಿ ಜಾಗವನ್ನೂ ಬರೆದಿರುವುದರಿಂದ ಎಸ್‌ಎಸ್‌ಡಿ ತಾನು ತುಂಬಿದ್ದೇನೆ ಎಂದೇ ತಿಳಿದಿರುತ್ತದೆ.