ಎಕ್ಸ್230ಗೆ ಕೋರ್‌ಬೂಟ್: ಕಪ್ಪು ಬೋರ್ಡ್, ರಾಸ್ಪ್‌ಬೆರಿ ಪೈ, ಪಿಕೊ – ಮಡಿಕೇರಿ ಮಳೆಗಾಲಕ್ಕೆ ಯಾವುದು?

ಥಿಂಕ್‌ಪ್ಯಾಡ್ ಎಕ್ಸ್230 ಲ್ಯಾಪ್‌ಟಾಪ್ ಬಂದಿದ್ದು 2012ರಲ್ಲಿ. ಇವತ್ತಿಗೂ ಲಿನಕ್ಸ್ ಹಾಕಿದರೆ ತೋಟದ ಲೆಕ್ಕ, ಬರವಣಿಗೆ, ಬ್ರೌಸರ್ ಎಲ್ಲಕ್ಕೂ ಸಾಕು. ತೊಡಕು ಇರುವುದು ವೈಫೈ ಕಾರ್ಡ್ ಬದಲಿಸುವಾಗ. ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಇದರ ಮೂಲ ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಮುಂದಕ್ಕೆ ಹೋಗುವುದೇ ಇಲ್ಲ. ಆ ಬಯೋಸ್ ತೆಗೆದು ಕೋರ್‌ಬೂಟ್ ಹಾಕಿದರೆ ಈ ಕಟ್ಟು ಬಿಡುತ್ತದೆ. ಕೋರ್‌ಬೂಟ್ 1999ರಲ್ಲಿ ಲಿನಕ್ಸ್‌ಬಯೋಸ್ ಅನ್ನುವ ಹೆಸರಲ್ಲಿ ಶುರುವಾದ ಮುಕ್ತ ತಂತ್ರಾಂಶ ಯೋಜನೆ, 2008ರಿಂದ ಈ ಹೆಸರು. ಅದನ್ನು ಹಾಕೋಕೆ ಭರವಸೆಯ ದಾರಿ ಅಂದರೆ ಮದರ್‌ಬೋರ್ಡ್ ಮೇಲೆ ಬಯೋಸ್ ಇರುವ ಫ್ಲ್ಯಾಶ್ ಚಿಪ್‌ಗೆ ಕ್ಲಿಪ್ ಕಚ್ಚಿಸಿ ಹೊರಗಿನಿಂದಲೇ ಬರೆಯುವುದು.

ಹೀಗೆ ಬರೆಯುವ ಸಾಧನಕ್ಕೆ ಪ್ರೋಗ್ರಾಮರ್ ಅಂತಾರೆ. ಅಂಥ ಮೂರನ್ನು ಮಡಿಕೇರಿಯ ನನ್ನ ಮೇಜಿನ ಮೇಲೇ ಬಳಸಿ ನೋಡಿದ್ದೇನೆ. ಚಿಪ್ ಓದಿ ಬರೆಯುವ ತಂತ್ರಾಂಶ ಮೂರಕ್ಕೂ ಒಂದೇ, ಫ್ಲ್ಯಾಶ್‌ರಾಮ್. ಆದರೆ ಅನುಭವ ಮಾತ್ರ ಒಂದೇ ಅಲ್ಲ.

ಎಲ್ಲರೂ ಮೊದಲು ತರಿಸುವುದು ಸಿಎಚ್341ಎ, ಅದೇ ಕಪ್ಪು ಬಣ್ಣದ ಪುಟ್ಟ ಬೋರ್ಡ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಯುಎಸ್‌ಬಿಗೆ ಚುಚ್ಚಿದರೆ ಆಯ್ತು. ನನಗೆ ಇದು ಹಿಡಿಸಲಿಲ್ಲ. ಕಾರಣ ವೋಲ್ಟೇಜ್. ಎಕ್ಸ್230ರ ಫ್ಲ್ಯಾಶ್ ಚಿಪ್‌ಗಳು 3.3 ವೋಲ್ಟ್‌ನವು. ಈ ಬೋರ್ಡ್ ಚಿಪ್‌ಗೆ ಕರೆಂಟ್ ಕೊಡುವುದು 3.3 ವೋಲ್ಟ್‌ನಲ್ಲೇ, ಆದರೆ ಡೇಟಾ ತಂತಿಗಳ ಮೇಲೆ ಬರುವುದು 5 ವೋಲ್ಟ್. ಕುಶಾಲನಗರದ ಗೆಳೆಯನೊಬ್ಬ, "ಎಲ್ರೂ ಇದನ್ನೇ ಬಳಸ್ತಾರೆ, ಏನೂ ಆಗಲ್ಲ ಬಿಡಣ್ಣ" ಅಂದ. "ತಡಿ ಮಾರಾಯ, ಮೀಟರ್ ಇಟ್ಟೇ ನೋಡೋಣ" ಅಂತ ಚಿಪ್ ಸೆಲೆಕ್ಟ್ ಅನ್ನುವ ಸಿಗ್ನಲ್ ಕಾಲಿಗೆ ಮಲ್ಟಿಮೀಟರ್ ಮುಟ್ಟಿಸಿದೆ. ಮುಳ್ಳು ಐದರ ಹತ್ತಿರ ಹೋಗಿ ನಿಂತಿತು. ಅವನೂ ಸುಮ್ಮನಾದ.

ಫ್ಲ್ಯಾಶ್ ಚಿಪ್ ಎಷ್ಟೋ ಸಲ ಇದನ್ನು ತಡೆದುಕೊಳ್ಳುತ್ತದೆ, ನಿಜ. ಹೋದರೂ ಬೇರೆ ಹಾಕಿಸಬಹುದು. ಆದರೆ ಅದೇ ತಂತಿಗಳು ಲ್ಯಾಪ್‌ಟಾಪ್‌ನ ಚಿಪ್‌ಸೆಟ್‌ಗೂ ಹೋಗುತ್ತವಲ್ವಾ? ಅದು ಸುಟ್ಟರೆ ಮದರ್‌ಬೋರ್ಡೇ ಹೋದಂತೆ. ಕಪ್ಪು ಬೋರ್ಡ್ ಮೇಲಿನ ಸಿಎಚ್341ಎ ಚಿಪ್‌ನ 28ನೇ ಕಾಲನ್ನು ಎತ್ತಿ 3.3 ವೋಲ್ಟ್‌ಗೆ ಬೆಸೆದು ಸರಿಮಾಡುವವರಿದ್ದಾರೆ. ಸೋಲ್ಡರಿಂಗ್ ಕೈ ಪಳಗಿದ್ದರೆ ಮಾಡಿ. ಇನ್ನೊಂದು ಕೊರತೆಯೂ ಇದೆ: ಫ್ಲ್ಯಾಶ್‌ರಾಮ್‌ನಲ್ಲಿ ಇದರ ವೇಗ 2 ಮೆಗಾಹರ್ಟ್ಸ್‌ಗೆ ಕಟ್ಟುಬಿದ್ದಿದೆ. ಕೂಡಿಸೋಕೂ ಆಗಲ್ಲ, ಇಳಿಸೋಕೂ ಆಗಲ್ಲ.

ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮನೆಯಲ್ಲಿ ಇದ್ದರೆ ಒಳ್ಳೆಯದೇ. 3.3 ವೋಲ್ಟ್ ಕಾಲುಗಳು, ಫ್ಲ್ಯಾಶ್‌ರಾಮ್ ಅದರಲ್ಲೇ ಓಡುತ್ತದೆ, ವೇಗ ನಾವು ಹೇಳಿದಷ್ಟು. ಇದಕ್ಕಾಗಿಯೇ ಕೊಳ್ಳುವಂಥದ್ದಲ್ಲ, ಬೆಲೆ ಜಾಸ್ತಿ. ಅದಕ್ಕಿಂತ ದೊಡ್ಡ ತಲೆಬಿಸಿ ಕರೆಂಟ್. ಜೂನ್ ಬಂತೆಂದರೆ ನಮ್ಮಲ್ಲಿ ಮರ ಬಿದ್ದು ಲೈನ್ ಹೋಗುವುದು ಮಾಮೂಲಿ. ಪೈ ಗೋಡೆಯ ಅಡಾಪ್ಟರ್ ಮೇಲೆ ನಿಂತಿರುತ್ತದೆ. ಅರ್ಧ ಬರೆದಾಗ ಕರೆಂಟ್ ಹೋದರೆ ಚಿಪ್ ಏನೂ ಸಾಯುವುದಿಲ್ಲ, ಮೊದಲಿಂದ ಮತ್ತೆ ಬರೆಯಬಹುದು. ಆದರೆ ಪೈಯ ಎಸ್‌ಡಿ ಕಾರ್ಡ್ ಕೆಡುವ ಭಯ ಇದ್ದೇ ಇದೆ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಮಳೆಗಾಲಕ್ಕೆ ಬೇಡ.

ನನ್ನ ಆಯ್ಕೆ ಪಿಕೊ. ರಾಸ್ಪ್‌ಬೆರಿ ಪೈಯವರದ್ದೇ 2021ರ ಮೈಕ್ರೊಕಂಟ್ರೋಲರ್ ಬೋರ್ಡ್, ಬೆಲೆ ಕಪ್ಪು ಬೋರ್ಡ್‌ನಂತೆ ನೂರುಗಳಲ್ಲೇ. ಬೂಟ್‌ಸೆಲ್ ಗುಂಡಿ ಒತ್ತಿಕೊಂಡು ಯುಎಸ್‌ಬಿಗೆ ಹಾಕಿದರೆ ಪೆನ್‌ಡ್ರೈವ್‌ನಂತೆ ಕಾಣಿಸುತ್ತದೆ. ಫ್ಲ್ಯಾಶ್‌ರಾಮ್ ಜೊತೆ ಮಾತಾಡುವ ಸರ್‌ಪ್ರಾಗ್ ಫೈಲ್ ಅದರೊಳಗೆ ಎಳೆದು ಹಾಕಿದರೆ ಪ್ರೋಗ್ರಾಮರ್ ತಯಾರು. ಡೇಟಾ ತಂತಿಗಳ ಮೇಲೂ 3.3 ವೋಲ್ಟ್ ಮಾತ್ರ. ಇನ್ನೊಂದು ಲ್ಯಾಪ್‌ಟಾಪ್‌ನ ಬ್ಯಾಟರಿ ಮೇಲೇ ನಡೆಯುವುದರಿಂದ ಹೊರಗೆ ಗಾಳಿಮಳೆ ಎಷ್ಟೇ ಇರಲಿ, ಕೆಲಸ ನಿಲ್ಲುವುದಿಲ್ಲ. ಚಿಪ್ ಗುರುತು ಸಿಗದಿದ್ದರೆ, ಓದಿದ್ದು ತಪ್ಪಿದರೆ, ಸ್ಪೀಡ್ ಇಳಿಸಿ ನೋಡಬಹುದು. ಕಪ್ಪು ಬೋರ್ಡ್‌ನಲ್ಲಿ ಈ ಸೌಲಭ್ಯವೇ ಇಲ್ಲ. ಒಂದೇ ಕಿರಿಕಿರಿ ಅಂದರೆ ಜಂಪರ್ ತಂತಿಗಳನ್ನು ನಾವೇ ಜೋಡಿಸಬೇಕು. ಅವು ಹತ್ತು ಸೆಂಟಿಮೀಟರ್‌ಗಿಂತ ಉದ್ದ ಬೇಡ.

ಈ ಮೂರರಲ್ಲಿ ಯಾವುದನ್ನೇ ತನ್ನಿ, ಕೆಲಸ ಕೆಡಿಸುವುದು ಹೆಚ್ಚಾಗಿ ಕ್ಲಿಪ್. ಕಪ್ಪು ಬೋರ್ಡ್ ಜೊತೆ ಬರುವ ಅಗ್ಗದ ಕ್ಲಿಪ್ ಚಿಪ್ ಮೇಲೆ ಕೂರುತ್ತದೆ, ಕೈ ಬಿಟ್ಟರೆ ಮೆಲ್ಲಗೆ ಮೇಲಕ್ಕೆ ಜಾರುತ್ತದೆ. ಪೊಮೋನಾ 5250 ಕ್ಲಿಪ್ ದುಬಾರಿ, ಆದರೆ ಕಚ್ಚಿದರೆ ಬಿಡುವುದಿಲ್ಲ. ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ನಮ್ಮ ಊರಿನ ಥಂಡಿಯಲ್ಲಿ ಇನ್ನೊಂದು ವಿಷಯ: ಪಾಮ್‌ರೆಸ್ಟ್ ತೆಗೆದು, ಕಪ್ಪು ಪ್ಲಾಸ್ಟಿಕ್ ಹಾಳೆ ಎತ್ತಿ ಟಾರ್ಚ್ ಬಿಟ್ಟರೆ, ಎಷ್ಟೋ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಚಿಪ್‌ನ ಕಾಲುಗಳು ಹೊಳಪಿಲ್ಲದೆ ಬೂದಿಬಣ್ಣಕ್ಕೆ ತಿರುಗಿರುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಲು ಬಿಡಿ. ಚಿಪ್ ಸಿಗುತ್ತಿಲ್ಲ ಅಂತ ಪ್ರೋಗ್ರಾಮರ್ ಬದಲಿಸಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಲ್ಯಾಪ್‌ಟಾಪ್‌ನ ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆದಿಡಿ. ಕ್ಲಿಪ್‌ನ ಒಂದನೇ ತಂತಿ ಚಿಪ್ ಮೇಲಿನ ಚುಕ್ಕೆಯ ಕಡೆ ಬರಬೇಕು. ಕ್ಲಿಪ್ ಕೂರಿಸಿದ ಮೇಲಷ್ಟೇ ಯುಎಸ್‌ಬಿ ಹಾಕಿ. ಎಕ್ಸ್230ರಲ್ಲಿ ಎರಡು ಚಿಪ್ ಇವೆ: ಸ್ಕ್ರೀನ್ ಕಡೆಯದು 4 ಎಂಬಿ, ಕೆಳಗಿನದು 8 ಎಂಬಿ. ಎರಡನ್ನೂ ಕನಿಷ್ಠ ಎರಡೆರಡು ಸಲ ಓದಿ, ಎರಡು ಫೈಲಿನ ಎಸ್‌ಎಚ್‌ಎ256 ಮೊತ್ತ (ಫೈಲಿನ ಬೆರಳಚ್ಚಿನಂಥ ಗುರುತು) ಅಕ್ಷರಕ್ಕೆ ಅಕ್ಷರ ಕೂಡಿದರೆ ಮಾತ್ರ ಮುಂದೆ ಹೋಗಿ. ಆ ಫೈಲುಗಳನ್ನು ಬೇರೆ ಡಿಸ್ಕ್‌ನಲ್ಲಿ ಇಡಿ. ನಿಮ್ಮ ಈಥರ್‌ನೆಟ್‌ನ ಮ್ಯಾಕ್ ವಿಳಾಸವೂ 8 ಎಂಬಿ ಚಿಪ್‌ನಲ್ಲೇ ಇರುತ್ತದೆ. ಮೊದಲ ಸಲಕ್ಕೆ 4 ಎಂಬಿ ಚಿಪ್ ಒಂದನ್ನೇ ಬರೆಯಿರಿ, ಕೋರ್‌ಬೂಟ್ ಮತ್ತು ಸೀಬಯೋಸ್ (ಡಿಸ್ಕ್‌ನಿಂದ ಲಿನಕ್ಸ್ ಎಬ್ಬಿಸುವ ಭಾಗ) ಅದರಲ್ಲೇ ಹಿಡಿಸುತ್ತವೆ. ಇಂಟೆಲ್ ಎಂಇ (ಚಿಪ್‌ಸೆಟ್‌ನೊಳಗೆ ತನ್ನಷ್ಟಕ್ಕೆ ಓಡುವ ಇಂಟೆಲ್ ತಂತ್ರಾಂಶ) ಕತ್ತರಿಸುವ ಆಸೆ ಇದ್ದರೆ 8 ಎಂಬಿ ಚಿಪ್‌ಗೆ ಆಮೇಲೆ ಕೈ ಹಾಕಬಹುದು.